ಮುದ್ದುರಂಗನ ಕುಸ್ತಿ ಪೆಟ್ಟಿಗೆ

ಬಹಳ ಹಿಂದೆ, ಊರಿಗೆಲ್ಲ ಒಂದೇ ಟಿವಿ ಇದ್ದ ಕಾಲದಲ್ಲಿ, ನಮ್ಮ ಕೆಂಪುಕೊಪ್ಪಲಿನಲ್ಲಿ ಮುದ್ದುರಂಗ ಅನ್ನೋ ರೇಡಿಯೊ ರಿಪೇರಿಯವನಿದ್ದನಂತೆ. ಯಾವ ತಂತಿ ಸುಟ್ಟಿದೆ ಅಂತ ವಾಸನೆಯಲ್ಲೇ ಹೇಳುತ್ತಿದ್ದನಂತೆ. ಸುತ್ತ ಏಳು ಹಳ್ಳಿಯಲ್ಲಿ ಅಂಥವನು ಇನ್ನೊಬ್ಬನಿದ್ದರೆ ಕರೆತನ್ನಿ, ನೋಡೇಬಿಡೋಣ!

ಮೊದಲು ಅವನೂ ಪೈಲ್ವಾನನೇ, ಉಸ್ತಾದ್ ಜವರಪ್ಪನವರ ಗರಡಿಯವನು. ಪಂದ್ಯಕ್ಕೆ ಮುಂಚೆ ಉಸ್ತಾದರು ಅಂಗೈಗೆ ಗರಡಿ ಮಣ್ಣು ಹಾಕಬೇಕು. ಅವರು ಹಾಕದೆ ಯಾರೂ ಅಖಾಡಕ್ಕೆ ಇಳಿಯುವಂತಿಲ್ಲ. ಒಂದು ಪಂದ್ಯದಲ್ಲಿ ಮುದ್ದುರಂಗನ ಮಂಡಿ ಮುರಿಯಿತು. ಆಮೇಲೆ ಅವನ ಅಂಗೈಗೆ ಮಣ್ಣು ಬೀಳಲೇ ಇಲ್ಲ.

ಹಂಗಂತ ಕುಸ್ತಿ ಬಿಟ್ಟನೇ? ಮೂರು ವರ್ಷ ಕೂತು ಒಂದು ಪೆಟ್ಟಿಗೆ ಕಟ್ಟಿದನಂತೆ. ಮೇಲೆ ಟಿವಿ ಗಾಜು, ಕೆಳಗೆ ಎರಡು ಹಿಡಿ, ಒಂದೊಂದಕ್ಕೂ ಆರಾರು ಗುಂಡಿ. ಗಾಜಿನೊಳಗೆ ಇಬ್ಬರು ಪೈಲ್ವಾನರು: ಒಬ್ಬ ದಪ್ಪ, ನಿಧಾನ, ಇನ್ನೊಬ್ಬ ಸಣಕಲ, ಮಿಂಚು. ಹಿಡಿಯನ್ನು ಕೆಳಗಿನಿಂದ ಮುಂದಕ್ಕೆ ಸುತ್ತಿಸಿ ಗುಂಡಿ ಒತ್ತಿದರೆ ಎದುರಾಳಿಯನ್ನು ಎತ್ತಿ ಒಗೆಯುತ್ತಿದ್ದರಂತೆ!

ಗರಡಿ ಖಾಲಿಯಾಯಿತು, ಮುದ್ದುರಂಗನ ಅಂಗಡಿ ತುಂಬಿತು. ಉಸ್ತಾದರು ಅಲ್ಲಿಗೇ ಬಂದರಂತೆ. "ಗುಂಡಿ ಒತ್ತೋದೂ ಒಂದು ಕುಸ್ತಿಯೇನ್ಲಾ?"

"ನೀವೇ ಒಂದು ಕೈ ಆಡಿ ಉಸ್ತಾದ್ರೇ. ಕುಸ್ತಿ ಅಲ್ಲ ಅಂದ್ರೆ ಈಗಲೇ ನೀರೊಲೆಗೆ ಹಾಕ್ತೀನಿ," ಅಂತ ಮುದ್ದುರಂಗ ಎಲ್ಲರೆದುರು ಆಣೆ ಇಟ್ಟನಂತೆ.

ಉಸ್ತಾದರು ದಪ್ಪನನ್ನು ಆರಿಸಿಕೊಂಡರು, ಗರಡಿ ಹುಡುಗನೊಬ್ಬ ಸಣಕಲನನ್ನು. ಒಂದೇಟು ಕೊಟ್ಟರು. ಸಣಕಲ ನೆಟ್ಟಗಾಗುವ ಮೊದಲೇ ಎರಡನೇದು ಬಿತ್ತು, ಮೂರನೇದೂ ಬಿತ್ತು! ಏಟು ತಿಂದವನು ಸುಧಾರಿಸಿಕೊಳ್ಳುವವರೆಗೆ ಮತ್ತೊಂದು ಏಟು ತಾಗಬಾರದು ಅಂತ ಮುದ್ದುರಂಗ ಮಾಡಿದ್ದ. ಎಲ್ಲೋ ಕೈ ತಪ್ಪಿತ್ತು. ಮೂರು ವರ್ಷದ ಬೆವರು ಒಲೆಗೆ ಹೋಯಿತು ಅಂದುಕೊಂಡನಂತೆ. ಆದರೂ ಮುಚ್ಚಿಡಲಿಲ್ಲ.

"ತಪ್ಪು ನಂದೇ ಉಸ್ತಾದ್ರೇ. ಸರಿ ಮಾಡ್ತೀನಿ."

"ಅದನ್ನ ಮುಟ್ಟಿದ್ರೆ ಇನ್ನೊಂದು ಮಂಡೀನೂ ಮುರೀತೀನಿ! ಅವನು ಉಸಿರು ಎಳ್ಕೊಳ್ಳೋ ಮೊದಲೇ ಎರಡನೇ ಪಟ್ಟು ಹಾಕ್ಬೇಕು. ಹತ್ತು ವರ್ಷ ಬಡ್ಕೊಂಡ್ರೂ ನಿನ್ ತಲೆಗೆ ಹೋಗಿರ್ಲಿಲ್ಲ. ನಿನ್ ಪೆಟ್ಟಿಗೆಗೆ ಗೊತ್ತಲ್ಲೋ!"

ಅಂದವರೇ ಸೊಂಟದ ಗಂಟು ಬಿಚ್ಚಿ, ಗರಡಿ ಮಣ್ಣು ತೆಗೆದು, ಮುದ್ದುರಂಗನ ಅಂಗೈಗೆ ಹಾಕಿದರಂತೆ. "ಇಳಿಯಪ್ಪ ಅಖಾಡಕ್ಕೆ."

ಆ ಪೆಟ್ಟಿಗೆ ಈಗಿಲ್ಲ. ಆದರೆ ಇವತ್ತಿಗೂ ನಮ್ಮೂರಲ್ಲಿ ಫೋನಿನಲ್ಲಿ ಕುಸ್ತಿ ಆಡೋರು ಮೊದಲು ಹೆಬ್ಬೆರಳಿಗೆ ಚಿಟಿಕೆ ಮಣ್ಣು ಉಜ್ಜಿಕೊಳ್ಳುತ್ತಾರೆ. ಪರವೂರಿನವರು ನಗುತ್ತಾರೆ. ನಗಲಿ. ಮೊದಲ ಏಟು ಬಿದ್ದು, ಉಸಿರು ಎಳೆದುಕೊಳ್ಳುವ ಮೊದಲೇ ಎರಡನೇದು ಬೀಳುವವರೆಗೆ.