ಕೈಗುಣವಿಲ್ಲದ ಮಗಳು

"ಗುರುಗಳೇ, ನನ್ನಿಂದಾಗದ ಕೆಲಸಕ್ಕೆ ಕೈಹಾಕದಿರುವುದು ವಿನಯವಲ್ಲವೇ?" ಎಂದು ಶಿಷ್ಯನೊಬ್ಬ ಕೇಳಿದನು.

"ಆಗದೆಂದು ಯಾರು ಹೇಳಿದರು?"

"ಯಾರೂ ಹೇಳಬೇಕಿಲ್ಲ. ಅದು ನನಗೇ ಗೊತ್ತು."

ಗುರುಗಳು ಈ ಕತೆಯನ್ನು ಹೇಳಿದರು.

ಒಂದೂರಿನಲ್ಲಿ ಒಬ್ಬ ವಿಧವೆಯೂ ಅವಳ ಮಗಳೂ ಇದ್ದರು. ಮಗಳು ಎಳೆಯವಳಾಗಿದ್ದಾಗ ಒಂದು ಬೇಸಿಗೆಯಲ್ಲಿ ತಾನೇ ಮಾವಿನಕಾಯಿ ಹೆಚ್ಚಿ ಉಪ್ಪಿನಕಾಯಿ ಹಾಕಿದಳು. ಒರೆಸದ ಜಾಡಿಯ ತೇವಕ್ಕೆ ಅದು ಬೂಷ್ಟು ಹಿಡಿಯಿತು. ತಾಯಿ ಜಾಡಿಯಲ್ಲಿದ್ದುದನ್ನು ತಿಪ್ಪೆಗೆ ಸುರಿಯುತ್ತ, "ನಿನ್ನ ಕೈಗೆ ಗುಣವಿಲ್ಲ ಕಣೇ," ಎಂದು ಗೊಣಗಿದಳು. ಮತ್ತೆ ಒಳಗೆ ಹೋಗಿ ಒಲೆ ಹೊತ್ತಿಸಿದಳು.

ಮಗಳು ಆ ಮಾತನ್ನು ಒಳಗಿಟ್ಟುಕೊಂಡಳು. ಅಂದಿನಿಂದ ಅವಳು ಹಾಲಿಗೆ ಹೆಪ್ಪು ಹಾಕಲಿಲ್ಲ. ಹಿತ್ತಿಲಲ್ಲಿ ಬೀಜ ಊರಲಿಲ್ಲ. ಅದಕ್ಕೆಲ್ಲ ನೆರೆಮನೆಯವಳನ್ನು ಕರೆಯುತ್ತಿದ್ದಳು. ಆಕೆಯ ಕೈಗುಣಕ್ಕೆ ಊರಲ್ಲಿ ಹೆಸರಿತ್ತು. "ನಿಮ್ಮ ಮನೆಯ ಮೊಸರಿಗೂ ನಾನೇ ಹೆತ್ತತಾಯಿ ಆಗಬೇಕೇನೇ?" ಎಂದು ನಗುತ್ತಲೇ ಆಕೆ ಬಂದು ಹೋಗುತ್ತಿದ್ದಳು. ಒಮ್ಮೆ ಮಗಳು ಚೆಲ್ಲಿದ ಮುಸುರೆಯಲ್ಲಿದ್ದ ಕುಂಬಳದ ಬೀಜ ಮೊಳೆತು, ಬಳ್ಳಿ ಸೂರಿಗೆ ಹಬ್ಬಿ ಕಾಯಿ ಬಿಟ್ಟಿತು. ಅವಳು ನೋಡಿ, "ಇದು ನೆಲದ ಗುಣ," ಎಂದಳು. ಇಂಥ ಕೈಯನ್ನು ಇನ್ನೊಂದು ಮನೆಗೆ ಒಯ್ಯಲು ಅವಳಿಗೆ ಧೈರ್ಯವಾಗಲಿಲ್ಲ. ವರ ಬಂದಾಗಲೆಲ್ಲ ಕಾರಣ ಹೇಳದೆ ಬೇಡವೆಂದಳು. ತಾಯಿ ಅದನ್ನು ಹಟವೆಂದೇ ತಿಳಿದಳು.

ವರ್ಷಗಳು ಕಳೆದವು. ತಾಯಿ ಜ್ವರ ಬಂದು ಮಲಗಿದಳು. ವೈದ್ಯನು ಕಷಾಯ ಕೊಟ್ಟು, "ಮೈ ನಡುಗತೊಡಗಿದೊಡನೆ ಕುಡಿಸು, ತಡಮಾಡಬೇಡ," ಎಂದು ಹೇಳಿ ಹೋದನು. ಮಧ್ಯಾಹ್ನ ಮೈ ನಡುಗತೊಡಗಿತು. ಮಗಳು ಬಟ್ಟಲನ್ನು ಎತ್ತಿಕೊಂಡಳು, ಮತ್ತೆ ಕೆಳಗಿಟ್ಟಳು.

"ಕೊಡು ಮಗಳೇ," ಎಂದಳು ತಾಯಿ.

"ಸ್ವಲ್ಪ ತಾಳವ್ವಾ. ಪಕ್ಕದ ಮನೆಯ ಅಕ್ಕನನ್ನು ಕರೆತರುತ್ತೇನೆ. ನನ್ನ ಕೈಗೆ ಗುಣವಿಲ್ಲ."

"ಹಾಗೆಂದವರು ಯಾರೇ?"

"ನೀನೇ ಅವ್ವಾ. ಉಪ್ಪಿನಕಾಯಿ ಕೆಟ್ಟ ದಿನ."

ತಾಯಿ ಮಗಳ ಮುಖ ನೋಡಿದಳು.

"ಯಾವ ಉಪ್ಪಿನಕಾಯಿ?" ಎಂದಳು.

ಜ್ವರದ ತಾಪಕ್ಕೆ ತಾಯಿ ಮರೆತಿದ್ದಾಳೆಂದು ಮಗಳು ತಿಳಿದಳು. ತಾಯಿ ಅವಳ ಸೆರಗು ಹಿಡಿದಳು. ಮಗಳು ಬಿಡಿಸಿಕೊಂಡು ಓಡಿದಳು. ನೆರೆಯವಳು ಮನೆಯಲ್ಲಿರಲಿಲ್ಲ, ಕೆರೆಯಾಚೆಯ ಹೊಲದಲ್ಲಿ ಕಳೆ ಕೀಳುತ್ತಿದ್ದಳು. ಅಲ್ಲಿಂದ ಇಬ್ಬರೂ ಎದ್ದುಬಿದ್ದು ಬಂದಾಗ ಬಟ್ಟಲು ಇಟ್ಟಲ್ಲೇ ಇತ್ತು. ತಾಯಿಯ ಕೈ ಅದರತ್ತ ಚಾಚಿಕೊಂಡಿತ್ತು, ಉಸಿರಿರಲಿಲ್ಲ.

ಕತೆ ಅಲ್ಲಿಗೆ ನಿಂತಿತು. ಶಿಷ್ಯನು ಮೆಲ್ಲಗೆ, "ಮಗಳು ತಾನೇ ಕುಡಿಸಿದ್ದರೆ ಆ ತಾಯಿ ಬದುಕುತ್ತಿದ್ದಳೇ?" ಎಂದು ಕೇಳಿದನು.

ಗುರುಗಳು ಹೇಳಿದರು: "ಬದುಕುತ್ತಿದ್ದಳೋ ಇಲ್ಲವೋ ನಾನರಿಯೆ; ಒಬ್ಬಳೇ ಸಾಯುತ್ತಿರಲಿಲ್ಲ."