ಕಟ್ಟು ಬಿಚ್ಚಿ ನೋಡಿದ ಕುರಿಗಾಹಿ

"ಗುರುಗಳೇ, ಈ ಕಟ್ಟಿನ ಒಳಗೆ ಏನು ನಡೆಯುತ್ತಿದೆ?"

ಹಾಗೆ ಕೇಳಿದ ಶಿಷ್ಯನ ಪಾದಕ್ಕೆ ಆಪರೇಷನ್ ಆಗಿತ್ತು. ತಿಂಗಳು ಕಳೆದರೂ ಮಠದ ಜಗಲಿ ಇಳಿಯುವ ಹಾಗಿರಲಿಲ್ಲ. ವಾಸಿಯಾಗುತ್ತಿದೆಯೋ ಇಲ್ಲವೋ, ಒಂದೇ ಒಂದು ಸಲ ಬಿಚ್ಚಿ ನೋಡಿಬಿಟ್ಟರೆ ಸಮಾಧಾನ, ಬರೀ ನೋಡುವುದರಲ್ಲಿ ತಪ್ಪೇನು ಎಂದು ಅವನ ವಾದ.

ಗುರುಗಳು ಬೈಯಲಿಲ್ಲ. ಒಂದು ಕತೆ ಹೇಳಿದರು.

ಒಬ್ಬ ಕುರಿಗಾಹಿ ಇದ್ದ. ಅವನ ಹಿಮ್ಮಡಿಯಲ್ಲಿ ಜಾಲಿಮುಳ್ಳು ಮುರಿದು, ಕೀವು ತುಂಬಿ, ಕೊನೆಗೆ ಡಾಕ್ಟರು ಕೊಯ್ದು ಹೊಲಿಗೆ ಹಾಕಿದರು. ತಾವು ಹೇಳುವವರೆಗೆ ಕಾಲು ಊರಬಾರದು, ಕಟ್ಟು ಮುಟ್ಟಬಾರದು ಎಂದರು. ಹೆಂಡತಿ ಕುರಿ ಮೇಯಿಸಲು ಹೊರಟಳು. ಇವನು ಮಂಚದ ಮೇಲೆ ಉಳಿದ. ನಡೆದೇ ಬದುಕಿದವನು, ಕೂತು ಅಭ್ಯಾಸವಿಲ್ಲ. ಅತ್ತ ಅವಳು ಮರೆಯಾದಳೋ ಇಲ್ಲವೋ, ಇತ್ತ ಇವನು ಕಟ್ಟು ಬಿಚ್ಚಿದ. ಇಣುಕಿದ. ಒತ್ತಿ ನೋಡಿದ. ಊರಿಯೂ ನೋಡಿದ. ಹೊಲಿಗೆ ಬಿಟ್ಟಿತು. ಡಾಕ್ಟರು ಮತ್ತೆ ಹೊಲಿದರು. ಇವನು ಮತ್ತೆ ಬಿಚ್ಚಿದ. ಇನ್ನೊಮ್ಮೆ ಹೀಗಾದರೆ ಪಾದವನ್ನೇ ತೆಗೆಯಬೇಕಾಗುತ್ತದೆ ಎಂದು ಹೇಳಿ ಡಾಕ್ಟರು ಕಳಿಸಿದರು.

ಅದೇ ವಾರ ಒಂದು ಕುರಿಮರಿ ಬಂಡೆಯಿಂದ ಜಾರಿ ಕಾಲು ಮುರಿದುಕೊಂಡಿತು. ಹೆಂಡತಿ ಅದನ್ನು ಹೊತ್ತು ತಂದು ಅವನ ಮಡಿಲಿಗೆ ಹಾಕಿದಳು. ಅವನು ಬಿದಿರಿನ ಸೀಳು ಇಟ್ಟು, ಬಟ್ಟೆ ಸುತ್ತಿ ಬಿಗಿದ. ಮರಿ ಕಟ್ಟಿಗೆ ಬಾಯಿ ಹಾಕದಿರಲಿ ಎಂದು ಮೇಲೆ ಬೇವಿನೆಲೆ ಅರೆಸಿ ಮೆತ್ತಿದ. ತನ್ನ ಮಂಚದ ಪಕ್ಕದಲ್ಲೇ ಅದನ್ನು ಮಲಗಿಸಿಕೊಂಡ.

ಕೆಲವು ದಿನ ಕಳೆದ ಮೇಲೆ ಹೆಂಡತಿ, ಮೂಳೆ ಕೂಡಿತೋ ಇಲ್ಲವೋ ನೋಡೋಣವೆಂದು ಮರಿಯ ಕಟ್ಟಿಗೆ ಕೈ ಹಾಕಿದಳು. ಅವನು ಆ ಕೈಗೆ ಒಂದು ಏಟು ಕೊಟ್ಟ.

"ಬುದ್ಧಿ ಐತೇನ ನಿನಗ? ನೋಡಾಕ ಹೋದ್ರ ಕೂಡಿದ್ದೂ ಬಿಟ್ಟೀತು."

"ಹೌದಾ? ಮತ್ತ ನಿಮ್ಮ ಕಾಲು?"

"ಅದು ಬ್ಯಾರೆ. ಅದನ್ನ ಡಾಕ್ಟರು ಕಟ್ಟ್ಯಾರ. ಇದನ್ನ ಕಟ್ಟಿದಾಂವ ನಾನು."

ಹೆಂಡತಿ ಇನ್ನೊಂದು ಹಿಡಿ ಬೇವು ಅರೆದು ತಂದು ಗಂಡನ ಕಟ್ಟಿನ ಮೇಲೂ ಮೆತ್ತಿ, ಕುರಿ ಹೊಡೆದುಕೊಂಡು ಹೋದಳು.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ. ಇಬ್ಬರಲ್ಲಿ ಮೊದಲು ಎದ್ದು ಓಡಾಡಿದವರು ಯಾರು ಎಂದು ಕೇಳಿದ.

"ಮರಿ," ಎಂದರು ಗುರುಗಳು, "ಅದಕ್ಕೆ ಬಿಚ್ಚಲು ಕೈಗಳಿರಲಿಲ್ಲ."