ಶಿವಯೋಗಿಗಳು ಬೇಡಿದ ಸುಣ್ಣ

“ಮತ್ತ ಬಂದ್ರ್ಯಾ ಅಜ್ಜಾರ? ಒಂದು ಬುಟ್ಟಿ ತುಂಬಾಕ ಬಿಡೂದಿಲ್ಲಲ್ರಿ ನೀವು!” ಎಂದು ಕಲ್ಲವ್ವ ರೇಗಿದಳು.

ಶ್ರೀ ಮುಪ್ಪಯ್ಯ ಶಿವಯೋಗಿಗಳು ಆ ವರ್ಷ ಮಠವನ್ನು ಬಿಟ್ಟು, ಹಳ್ಳದ ದಂಡೆಯ ಸುಣ್ಣ ಸುಡುವ ಗೂಡುಗಳ ನಡುವೆ ಒಂದು ಮುರುಕು ಜೋಪಡಿಯಲ್ಲಿ ತಂಗಿದ್ದರು. ಅಂದು ಕಲ್ಲವ್ವ ತನ್ನ ಗೂಡು ಬಿಚ್ಚಿದ್ದಳು. ದೀಪಾವಳಿಗೆ ಊರ ಗೋಡೆಗಳಿಗೆ ಬಳಿಯಬೇಕಾದ ಸುಣ್ಣದ ಕಲ್ಲು ಸುಟ್ಟು ಬೆಳ್ಳಗಾಗಿ ಬಯಲಲ್ಲಿ ರಾಶಿ ಬಿದ್ದಿತ್ತು. ಪಡುವಣದಲ್ಲಿ ಮೋಡ ಕಪ್ಪಾಗುತ್ತಿತ್ತು. ಸುಟ್ಟ ಕಲ್ಲಿಗೆ ಮಳೆ ತಾಗಿದರೆ ಅದು ಅಲ್ಲೇ ಕುದ್ದು, ಅರಳಿ, ಮಣ್ಣುಪಾಲು; ಮನೆಯ ಗಂಜಿಯೂ ಅದರೊಡನೆ. ಗಂಡ ಸಂತೆಗೆ ಹೋಗಿದ್ದ. ತೊಟ್ಟಿಲಲ್ಲಿ ಕೂಸು ಅಳುತ್ತಿತ್ತು. ಪಕ್ಕದ ಗುಡಿಸಲಲ್ಲಿ ಮೈದುನನ ಹೆಂಡತಿ ದುರಗವ್ವ ಇದ್ದಳು. ಆದರೆ ಯುಗಾದಿಯಿಂದ ಇಬ್ಬರಿಗೂ ಮಾತಿಲ್ಲ.

ಇಂಥ ಹೊತ್ತಿನಲ್ಲಿ ಪೂಜ್ಯರು ಅಂಗೈ ಚಾಚಿ, “ಎಲೆಗೆ ಚೂರು ಸುಣ್ಣ ಕೊಡು, ತಾಯಿ” ಎನ್ನುತ್ತಿದ್ದರು. ಆಗಲೇ ಕೊಟ್ಟಾಗಿತ್ತು. ಅದರ ಹಿಂದೆಯೂ ಕೊಟ್ಟಾಗಿತ್ತು. ಇವರಿಗೆ ಮರೆವೋ, ತನಗೇ ಭ್ರಮೆಯೋ ಅವಳಿಗೆ ತಿಳಿಯದಾಯಿತು. ಗಡಿಗೆಯಿಂದ ಬೆರಳಲ್ಲಿ ಸುಣ್ಣ ತೆಗೆದು, ಅತ್ತ ನೋಡದೆಯೇ ಮತ್ತೆ ಮಾಡಿನ ಕೆಳಗಿನ ಕಲ್ಲಿಗೆ ಹಚ್ಚಿದಳು.

“ಕೈಗೇ ಕೊಡಬಾರದೇ?”

“ಸುಣ್ಣ ಕೈಯಿಂದ ಕೈಗೆ ಕೊಟ್ರ ಜಗಳ ಆಕ್ಕೈತ್ರಿ. ಸುಣಗಾರರ ಮನಿ ಕೂಸಿಗೂ ಗೊತ್ತೈತಿ, ನಿಮಗ ಗೊತ್ತಿಲ್ಲೇನ್ರಿ?”

ಪೂಜ್ಯರು ಪಕ್ಕದ ಗುಡಿಸಲತ್ತ ನೋಡಿದರು. “ದುರಗವ್ವನ ಕೈಗೆ ಯಾವಾಗ ಕೊಟ್ಟಿದ್ದೆ, ತಾಯಿ?” ಎಂದಷ್ಟೇ ಕೇಳಿ, ಜೋಪಡಿಗೆ ನಡೆದುಬಿಟ್ಟರು.

ಓಣಿಯನ್ನೇ ಹೆದರಿಸುವ ಕಲ್ಲವ್ವ ಮತ್ತೆ ಬುಟ್ಟಿಗೆ ಕೈಹಾಕಿದಳು. ಒಮ್ಮೆಯೂ ಕೊಟ್ಟಿರಲಿಲ್ಲ. ಮತ್ತೆ ಜಗಳ ಬಂದದ್ದೆಲ್ಲಿಂದ? ಜರಡಿಯ ದೆಸೆಯಿಂದಲೋ, ಕೂಸಿನ ಕುಲಾವಿಯ ದೆಸೆಯಿಂದಲೋ? ನೆನೆದಷ್ಟೂ ಗೋಜಲಾಯಿತು. ನೆತ್ತಿಯ ಮೇಲೊಂದು ಹನಿ ಬಿತ್ತು.

“ದುರಗೀ! ಮಳಿ ಬಂತು, ಬಾರವಾ!”

ಕೂಗಿದ್ದು ತಾನೇ ಎಂದು ಅವಳಿಗೆ ನಂಬಿಕೆಯಾಗಲಿಲ್ಲ.

“ಮೋಡ ಕಟ್ಟಿದಾಗಿಂದ ಬುಟ್ಟಿ ಹಿಡಕೊಂಡು ನಿಂತೀನಿ. ಈಗ ಬಾಯಿ ಬಂತೇನ ನಿನಗ?” ಎನ್ನುತ್ತ ದುರಗವ್ವ ಓಡಿಬಂದಳು.

ಮಳೆ ಸುರಿಯುವಷ್ಟರಲ್ಲಿ ರಾಶಿಯೆಲ್ಲ ಮಾಡಿನ ಕೆಳಗೆ ಸೇರಿತು. ಮೈತುಂಬ ಬಿಳಿ ಧೂಳಾಗಿದ್ದ ಇಬ್ಬರೂ ಎಲೆ ಅಡಿಕೆಗೆ ಕೂತರು. ದುರಗವ್ವ ಕೈ ಚಾಚಿದಳು. ಕಲ್ಲವ್ವ ಸುಣ್ಣವನ್ನು ಅವಳ ಅಂಗೈಗೇ ಹಚ್ಚಿ, ಜೋಪಡಿಯತ್ತ ತಿರುಗಿ ಕೈಮುಗಿದಳು. ಪೂಜ್ಯರು ಬೇಡಿದ ಸುಣ್ಣವೆಲ್ಲ ಇನ್ನೂ ಕಲ್ಲಿನ ಮೇಲೇ ಇತ್ತು.

ದುರಗವ್ವನೂ ಅದನ್ನು ನೋಡಿದಳು.

“ಅಲ್ಲಬೇ ಅಕ್ಕಾ, ಅಜ್ಜಾರು ಎಲಿ ಅಡಿಕಿ ಮುಟ್ಟೂದ ಇಲ್ಲಲ್ಲ. ಸುಣ್ಣ ಯಾಕ ಬೇಡಿದ್ರು?”